ತಾಯಿಗೆ ಹೇಳದ 5 ಗ್ರಾಂ

ಒಪ್ಪಿಗೆ ಪತ್ರದ ಕೊನೆಯ ಪುಟದಲ್ಲಿ ಸಹಿಯ ಜಾಗ ತೋರಿಸಿ ಪೆನ್ನು ಮುಂದೆ ಹಿಡಿದಿದ್ದೆ. ಆಕೆ ತೆಗೆದುಕೊಳ್ಳಲಿಲ್ಲ. ತೊಡೆಯ ಮೇಲೆ ಮಲಗಿದ್ದ ಮಗುವಿನ ಕುಲಾವಿ ಸರಿಮಾಡುತ್ತ ಕೇಳಿದರು: “ಮೇಡಂ, ಇದ್ರಿಂದ ನಮ್ ಮಗೀಗೆ ಏನ್ ಅನುಕೂಲ ಆಯ್ತದೆ?”

ಸರಿಯಾದ ಉತ್ತರ ನನಗೆ ಗೊತ್ತಿತ್ತು. ಅದು ಅದೇ ಪತ್ರದ ಎರಡನೆಯ ಪುಟದಲ್ಲಿತ್ತು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳೂ ನಾನೇ. ‘ಈ ಅಧ್ಯಯನದಿಂದ ನಿಮ್ಮ ಮಗುವಿಗೆ ನೇರವಾದ ಪ್ರಯೋಜನ ಇರುವುದಿಲ್ಲ. ಮುಂದೆ ಇಂಥ ಕಾಯಿಲೆ ಇರುವ ಬೇರೆ ಮಕ್ಕಳಿಗೆ ಪ್ರಯೋಜನವಾಗಬಹುದು.’ ಆ ವಾಕ್ಯವನ್ನು ಓದಿ ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದು ಬೇರೆ. “ಒಳ್ಳೇದೇ ಆಗುತ್ತಮ್ಮ. ಇಂಥ ಮಕ್ಕಳಿಗೋಸ್ಕರಾನೇ ಇದನ್ನೆಲ್ಲ ಮಾಡ್ತಿರೋದು.”

ಆಕೆ ಸಹಿ ಹಾಕಿದರು. ನರ್ಸು ಮಗುವಿನ ರಕ್ತ ತೆಗೆದರು. ನಾನು ಟ್ಯೂಬಿಗೆ ಸಂಖ್ಯೆ ಅಂಟಿಸಿ ಐಸಿನ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ನನ್ನ ಮಾತಿನಲ್ಲಿ ಸುಳ್ಳಿರಲಿಲ್ಲ. ಬಿಡಿಸಿ ನೋಡಿದರೆ ಒಂದೊಂದು ಪದವೂ ನಿಜ. ಆದರೆ ‘ಇಂಥ ಮಕ್ಕಳು’ ಎಂದಾಗ ಆಕೆಯ ಕಿವಿಗೆ ‘ನಿನ್ನ ಮಗು’ ಎಂದೇ ಕೇಳಿಸುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಹಾಗೆ ಕೇಳಿಸಲಿ ಎಂದೇ ಅಂದಿದ್ದೆ. ನಿಜವಾದ ಪದಗಳಿಂದಲೇ ಒಬ್ಬರನ್ನು ತಪ್ಪು ತಿಳಿವಳಿಕೆಗೆ ದಾಟಿಸಿದರೆ ಅದನ್ನು ಏನೆಂದು ಕರೆಯಬೇಕು? ಈ ಪ್ರಶ್ನೆ ಆವತ್ತು ಬಸ್ಸಿನಲ್ಲಿ ನನಗೆ ಹೊಳೆಯಲಿಲ್ಲ. ಹೊಳೆದದ್ದು ಕೆಲವು ದಿನಗಳ ನಂತರ, ಎಪ್ಪತ್ತು ವರ್ಷ ಹಳೆಯ ಒಂದು ಸಂಶೋಧನಾ ಪ್ರಬಂಧ ಓದುವಾಗ.

ನನ್ನ ಕೆಲಸ ಮಕ್ಕಳಲ್ಲಿ ವಂಶಪಾರಂಪರ್ಯವಾಗಿ ಬರುವ ಚಯಾಪಚಯ ದೋಷಗಳ ಮೇಲೆ. ನಾವು ತಿಂದ ಅನ್ನ, ಬೇಳೆ, ಹಾಲು ಮೈಗೆ ಹತ್ತಬೇಕಾದರೆ ದೇಹದೊಳಗೆ ನೂರಾರು ಕಿಣ್ವಗಳು ಸಾಲಾಗಿ ಕೆಲಸ ಮಾಡಬೇಕು. ಒಂದು ವಸ್ತುವನ್ನು ಇನ್ನೊಂದಾಗಿ ಬದಲಿಸಿ ಮುಂದಿನ ಕಿಣ್ವಕ್ಕೆ ದಾಟಿಸುವ ಸಾಲು ಅದು. ಅದರಲ್ಲಿ ಒಂದೇ ಒಂದು ಕಿಣ್ವ ಹುಟ್ಟಿನಿಂದ ಇಲ್ಲದಿದ್ದರೂ ತೂಬು ಮುಚ್ಚಿದ ಕಾಲುವೆಯ ಹಾಗಾಗುತ್ತದೆ. ಹಿಂದೆ ನೀರು ತುಂಬಿ ಏರಿ ಒಡೆಯುತ್ತದೆ, ಮುಂದಿನ ಗದ್ದೆ ಒಣಗುತ್ತದೆ. ಬ್ರಿಟಿಷ್ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1908ರಲ್ಲಿ ಇವಕ್ಕೆ ‘ಹುಟ್ಟಿನೊಂದಿಗೆ ಬರುವ ಚಯಾಪಚಯ ದೋಷಗಳು’ ಎಂಬ ಅರ್ಥದ ಹೆಸರು ಕೊಟ್ಟರು. ಇಂಥ ರೋಗಿಗಳ ತಂದೆತಾಯಿ ಅನೇಕ ಸಲ ಹತ್ತಿರದ ಸಂಬಂಧಿಗಳಾಗಿರುವುದನ್ನೂ ಗಮನಿಸಿದರು. ಅಕ್ಕನ ಮಗಳು, ಅತ್ತೆಯ ಮಗ ಎಂದು ಮದುವೆ ಮಾಡಿಕೊಳ್ಳುವ ನಮ್ಮ ಕಡೆಯವರಿಗೆ ಅದು ದೂರದ ಸಂಗತಿಯಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ದೋಷಗಳ ಚರಿತ್ರೆಯಲ್ಲಿ ತುಂಬ ಮುಖ್ಯವಾದದ್ದು ಫಿನೈಲ್‌ಕೀಟೋನ್ಯೂರಿಯಾ, ಚಿಕ್ಕದಾಗಿ ಪಿಕೆಯು. ಹಾಲು, ಬೇಳೆ, ಮೊಟ್ಟೆ, ಮಾಂಸ, ಧಾನ್ಯ ಹೀಗೆ ಪ್ರೋಟೀನು ಇರುವಲ್ಲೆಲ್ಲ ಫಿನೈಲ್‌ಅಲನೈನ್ ಎಂಬ ಅಮೈನೋ ಆಮ್ಲ ಇರುತ್ತದೆ. ಲಿವರಿನ ಒಂದು ಕಿಣ್ವ ಅದನ್ನು ಟೈರೋಸಿನ್ ಆಗಿ ಬದಲಿಸುತ್ತದೆ. ಆ ಕಿಣ್ವ ಕೆಲಸ ಮಾಡದಿದ್ದರೆ ಫಿನೈಲ್‌ಅಲನೈನ್ ರಕ್ತದಲ್ಲಿ ತುಂಬಿಕೊಂಡು ಬೆಳೆಯುವ ಮೆದುಳಿಗೆ ಹಾನಿ ಮಾಡುತ್ತದೆ. ಹುಟ್ಟಿದಾಗ ಮಗು ಎಲ್ಲ ಮಕ್ಕಳಂತೆಯೇ ಇರುತ್ತದೆ. ತಿಂಗಳುಗಳು ಕಳೆದಂತೆ ಬುದ್ಧಿಯ ಬೆಳವಣಿಗೆ ಹಿಂದೆ ಬೀಳುತ್ತದೆ. ತಾಯಿಯ ಹಾಲೇ ಮಗುವಿಗೆ ವಿಷವಾಗುವ ಕಾಯಿಲೆ ಅಂದರೆ ತಪ್ಪಲ್ಲ.

ಇದನ್ನು ಕಂಡುಹಿಡಿದವರು ನಾರ್ವೆಯ ವೈದ್ಯ ಅಸ್ಬ್ಯೋರ್ನ್ ಫೋಲಿಂಗ್, 1934ರಲ್ಲಿ. ಆದರೆ ಕಥೆ ಶುರುವಾಗುವುದು ಅವರಿಂದಲ್ಲ, ಬೋರ್ಗ್ನಿ ಎಗೆಲಾಂಡ್ ಎಂಬ ತಾಯಿಯಿಂದ. ಆಕೆಯ ಇಬ್ಬರು ಮಕ್ಕಳೂ ಬೆಳವಣಿಗೆಯಲ್ಲಿ ಹಿಂದೆ ಬಿದ್ದಿದ್ದರು. ಅವರ ಮೈಯಿಂದ ಒಂದು ವಿಚಿತ್ರ ವಾಸನೆ ಬರುತ್ತಿತ್ತು. ಡಾಕ್ಟರಿಂದ ಡಾಕ್ಟರಿಗೆ ಅಲೆದರೂ ಆ ವಾಸನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವೈದ್ಯರೂ ರಸಾಯನಶಾಸ್ತ್ರ ಬಲ್ಲವರೂ ಆಗಿದ್ದ ಫೋಲಿಂಗ್ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಕಡು ಹಸಿರಾಯಿತು. ಅಂಥ ಬಣ್ಣವನ್ನು ಅವರು ಹಿಂದೆ ಕಂಡಿರಲಿಲ್ಲ. ಮತ್ತೆ ಮತ್ತೆ ಮೂತ್ರ ತರಿಸಿಕೊಂಡರು, ಆ ತಾಯಿ ತಂದುಕೊಟ್ಟರು. ಕೊನೆಗೆ ಅದರಿಂದ ಫಿನೈಲ್‌ಪೈರೂವಿಕ್ ಆಮ್ಲವನ್ನು ಬೇರ್ಪಡಿಸಿ ಗುರುತಿಸಿದರು. ಬುದ್ಧಿಮಾಂದ್ಯರ ಸಂಸ್ಥೆಗಳಲ್ಲಿದ್ದ 430 ಜನರ ಮೂತ್ರ ಪರೀಕ್ಷಿಸಿ ಇನ್ನೂ 8 ಮಂದಿಯನ್ನು ಪತ್ತೆ ಮಾಡಿದರು. ವೈದ್ಯಶಾಸ್ತ್ರಕ್ಕೆ ಹೊಸ ಕಾಯಿಲೆಯೊಂದು ಸಿಕ್ಕಿತು.

ಬೋರ್ಗ್ನಿಗೆ ಸಿಕ್ಕಿದ್ದು ಏನು? ತನ್ನ ಮೂಗು ಸುಳ್ಳು ಹೇಳಿರಲಿಲ್ಲ ಎಂಬ ಖಾತ್ರಿ ಮಾತ್ರ. ಅವರ ಮಕ್ಕಳಿಗೆ ಕೊಡಲು ಆಗ ಯಾರ ಬಳಿಯೂ ಏನೂ ಇರಲಿಲ್ಲ. ನನ್ನ ಪತ್ರದ ಎರಡನೆಯ ಪುಟದ ವಾಕ್ಯ ಆಕೆಯ ಬದುಕಿನಲ್ಲಿ ಅಕ್ಷರಶಃ ನಡೆದುಹೋಯಿತು.

ಮುಂದಿನ ಅಧ್ಯಾಯ ನಡೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆಯಲ್ಲಿ, 1950ರ ದಶಕದ ಆರಂಭದಲ್ಲಿ. ಜರ್ಮನಿಯಿಂದ ಬಂದಿದ್ದ ಹಾರ್ಸ್ಟ್ ಬಿಕೆಲ್ ಎಂಬ ತರುಣ ವೈದ್ಯ, ಜಾನ್ ಜೆರಾರ್ಡ್ ಮತ್ತು ಎವೆಲಿನ್ ಹಿಕ್ಮನ್ಸ್ ಜೊತೆ ಅಲ್ಲಿ ಕೆಲಸ ಮಾಡುತ್ತಿದ್ದರು. ಶೀಲಾ ಎಂಬ ಹೆಣ್ಣುಮಗುವಿಗೆ ಪಿಕೆಯು ಇರುವುದು ಗೊತ್ತಾಯಿತು. ಹೆಸರು ನಮ್ಮ ಬೀದಿಯ ಹುಡುಗಿಯದೂ ಆಗಬಹುದಿತ್ತು. ಎರಡು ವರ್ಷವಾಗುತ್ತ ಬಂದರೂ ಆ ಮಗು ನಿಲ್ಲುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ನರಳುವುದು, ಅಳುವುದು, ತಲೆ ಚಚ್ಚಿಕೊಳ್ಳುವುದು, ಇಷ್ಟೇ. ಕಾಯಿಲೆಗೆ ಹೆಸರಿದೆ, ಮದ್ದಿಲ್ಲ ಎಂದು ವೈದ್ಯರು ಹೇಳಿದರು. ತಾಯಿ ಒಪ್ಪಲಿಲ್ಲ. ಬೆಳಗಾದರೆ ಬಿಕೆಲ್ ಅವರ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ನನ್ನ ಮಗುವಿಗೆ ಏನು ಮಾಡುತ್ತೀರಿ ಎಂದು ಕೇಳುತ್ತಿದ್ದರು. ಇದನ್ನು ಬಿಕೆಲ್ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ.

ಕೊನೆಗೆ ಅವರು ಒಂದು ದಾರಿ ಹುಡುಕಿದರು. ಹಾಲಿನ ಪ್ರೋಟೀನನ್ನು ಒಡೆದು, ವಿಶೇಷವಾಗಿ ಸಿದ್ಧಪಡಿಸಿದ ಇದ್ದಿಲಿನ ಮೂಲಕ ಸೋಸಿದರೆ ಫಿನೈಲ್‌ಅಲನೈನ್ ಹೊರಟುಹೋಗುತ್ತದೆ. ಜೊತೆಗೇ ಹೊರಟುಹೋಗುವ, ದೇಹಕ್ಕೆ ಬೇಕಾದ ಬೇರೆ ಅಮೈನೋ ಆಮ್ಲಗಳನ್ನು ಮತ್ತೆ ಸೇರಿಸಬೇಕು. ಹೀಗೆ ಕೈಯಲ್ಲಿ ತಯಾರಿಸಿದ, ಬಾಯಿಗೆ ಹಿತವಲ್ಲದ ಆಹಾರವೇ ಶೀಲಾಳ ಊಟವಾಯಿತು. ತಿಂಗಳುಗಳು ಕಳೆದಂತೆ ಮಗು ತೆವಳಿತು, ನಿಂತಿತು, ಕುರ್ಚಿ ಹತ್ತಿತು. ಕಣ್ಣಿಗೆ ಹೊಳಪು ಬಂತು, ಕೂದಲು ಕಪ್ಪಾಯಿತು, ತಲೆ ಚಚ್ಚಿಕೊಳ್ಳುವುದು ನಿಂತಿತು.

ಇಲ್ಲಿ ಸಂಶೋಧಕರಿಗೆ ಒಂದು ಅನುಮಾನ ಹುಟ್ಟಿತು. ಹುಟ್ಟಲೇಬೇಕಿತ್ತು. ಈ ಸುಧಾರಣೆ ಆಹಾರದಿಂದಲೇ ಆದದ್ದೇ? ಮಕ್ಕಳು ತಡವಾಗಿಯಾದರೂ ಒಂದಿಷ್ಟು ತಾವಾಗಿಯೇ ಬೆಳೆಯುತ್ತಾರೆ. ಆಸೆಯಿಂದ ನೋಡುವ ತಾಯಿಯ ಕಣ್ಣಿಗೆ ಇಲ್ಲದ ಸುಧಾರಣೆಯೂ ಕಾಣಬಹುದು. ಖಾತ್ರಿ ಮಾಡಿಕೊಳ್ಳಲು ಅವರು ಶೀಲಾಳ ಆಹಾರಕ್ಕೆ ದಿನಕ್ಕೆ 5 ಗ್ರಾಂ ಫಿನೈಲ್‌ಅಲನೈನ್ ಬೆರೆಸಿದರು. ತಾಯಿಗೆ ಹೇಳಲಿಲ್ಲ.

ಆರು ಗಂಟೆಯೊಳಗೆ ಮಗು ಅಳಲು, ತಲೆ ಚಚ್ಚಿಕೊಳ್ಳಲು ಶುರುಮಾಡಿತು. ಒಂದು ದಿನದೊಳಗೆ ಹತ್ತು ತಿಂಗಳಲ್ಲಿ ಗಳಿಸಿದ್ದನ್ನೆಲ್ಲ ಕಳೆದುಕೊಂಡಿತು. ನಿಲ್ಲಲಾಗಲಿಲ್ಲ, ತೆವಳುವುದೂ ಕಷ್ಟವಾಯಿತು. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧ ಇದನ್ನೆಲ್ಲ ಮರೆಮಾಚದೆ ಹೇಳುತ್ತದೆ, ತಾಯಿಗೆ ತಿಳಿಯದಂತೆ ಬೆರೆಸಿದೆವು ಎನ್ನುವುದನ್ನೂ ಸೇರಿಸಿ. ಕೆಲವೇ ವಾಕ್ಯಗಳು. ಅಲ್ಲಿಗೆ ಬಂದಾಗ ನಾನು ಪುಟ ಮುಚ್ಚಿಟ್ಟು ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬಂದೆ.

ಇದನ್ನು ಗೆಳೆಯರಿಗೆ ಹೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಮೊದಲನೆಯದು, ಆ ಕಾಲವೇ ಹಾಗಿತ್ತು. ಇದರಲ್ಲಿ ಅರ್ಧ ನಿಜವಿದೆ. ವೈದ್ಯರು ರೋಗಿಗಳಿಗೆ ಎಲ್ಲವನ್ನೂ ಹೇಳುವ ಪದ್ಧತಿ ಆಗ ಇರಲಿಲ್ಲ. ಆದರೆ ಪ್ರಯೋಗಕ್ಕೆ ಒಳಗಾಗುವವರ ಸ್ವಂತ ಒಪ್ಪಿಗೆ ಅತ್ಯಗತ್ಯ ಎಂಬ ಮಾತಿನಿಂದಲೇ ಶುರುವಾಗುವ ನ್ಯೂರೆಂಬರ್ಗ್ ಸಂಹಿತೆ ಬಂದದ್ದು 1947ರಲ್ಲಿ. ಮಾತು ಲೋಕದಲ್ಲಿತ್ತು, ವಾರ್ಡುಗಳನ್ನು ತಲುಪಿರಲಿಲ್ಲ.

ಎರಡನೆಯ ಉತ್ತರ ಇನ್ನೂ ಗಟ್ಟಿ: ಫಲ ನೋಡು. ಆ ಒಂದು ದಿನದ ಅಳುವಿನಿಂದ ಆಹಾರವೇ ಮದ್ದು ಎಂದು ಸಾಬೀತಾಯಿತು. ಪಿಕೆಯು ಇರುವ ಸಾವಿರಾರು ಮಕ್ಕಳು ಇವತ್ತು ಓದಿ, ಉದ್ಯೋಗ ಹಿಡಿದು, ಮದುವೆಯಾಗಿ ಬದುಕುತ್ತಿದ್ದಾರೆ. ಖಾತ್ರಿಯಿಲ್ಲದೆ ಅಂಥ ಕಷ್ಟದ ಪಥ್ಯವನ್ನು ಮಕ್ಕಳ ಮೇಲೆ ಹೇರುವುದೂ ಅನ್ಯಾಯವೇ ಅಲ್ಲವೇ? ಒಂದು ಮಗುವಿನ ಒಂದು ದಿನ, ಇನ್ನೊಂದು ತಕ್ಕಡಿಯಲ್ಲಿ ಅಷ್ಟು ಮಕ್ಕಳ ಇಡೀ ಬದುಕು.

ಈ ತಕ್ಕಡಿಯ ಮುಂದೆ ನಿಂತಾಗಲೆಲ್ಲ ನನಗೆ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ ನೆನಪಾಗುತ್ತದೆ. ಅಲ್ಲಿಯೂ ನಡೆಯುವುದು ಒಂದು ಪರೀಕ್ಷೆಯೇ. ಇಂದ್ರನ ಸಭೆಯಲ್ಲಿ ವಸಿಷ್ಠ, ವಿಶ್ವಾಮಿತ್ರರ ನಡುವೆ ವಾದ ಹತ್ತಿ, ಹರಿಶ್ಚಂದ್ರನ ಸತ್ಯ ನಿಜವೋ ಅಲ್ಲವೋ ನೋಡಿಯೇಬಿಡೋಣ ಎಂದು ವಿಶ್ವಾಮಿತ್ರ ಹೊರಡುತ್ತಾನೆ. ಪರೀಕ್ಷೆಗೆ ಒಳಗಾದವನು ಹರಿಶ್ಚಂದ್ರ. ಮಾರಾಟವಾದವರಲ್ಲಿ ಚಂದ್ರಮತಿಯೂ ಇದ್ದಾಳೆ. ಹಾವು ಕಚ್ಚಿ ಸತ್ತವನು ಲೋಹಿತಾಶ್ವ. ಕೊನೆಗೆ ಆ ಹುಡುಗ ಎದ್ದು ಕೂರುತ್ತಾನೆ, ರಾಜ್ಯ ಮರಳುತ್ತದೆ, ಫಲ ಮಂಗಳವೇ. ಆದರೆ ಮಗ ಎದ್ದು ಕೂರುತ್ತಾನೆಂದು ಸ್ಮಶಾನದಲ್ಲಿ ಕುಳಿತಿದ್ದ ಚಂದ್ರಮತಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಆ ರಾತ್ರಿಯ ಅವಳ ಅಳು ನಾಟಕದ ಅಳುವಲ್ಲ. ಮಂಗಳ ಹಾಡಿದ ಮಾತ್ರಕ್ಕೆ ಆ ರಾತ್ರಿ ಆಗಿಲ್ಲವೆಂದಾಗುವುದಿಲ್ಲ.

ಬರ್ಮಿಂಗ್‌ಹ್ಯಾಮಿನ ಆ ತಾಯಿಯ ಒಂದು ದಿನವನ್ನೂ ನಾನು ಹೀಗೆಯೇ ಊಹಿಸಿಕೊಳ್ಳುತ್ತೇನೆ. ಹತ್ತು ತಿಂಗಳಿಂದ ಅಳೆದು ತೂಗಿ ಊಟ ಕೊಟ್ಟ ಕೈ ಆಕೆಯದು. ಇದ್ದಕ್ಕಿದ್ದಂತೆ ಮಗು ತಲೆ ಚಚ್ಚಿಕೊಳ್ಳತೊಡಗಿದಾಗ ಆಕೆ ಮೊದಲು ಅನುಮಾನಿಸಿದ್ದು ಆ ಕೈಯನ್ನೇ ಇರಬೇಕು. ನಾನು ಏನು ತಪ್ಪು ಮಾಡಿದೆ? ಏನು ತಿನ್ನಿಸಿಬಿಟ್ಟೆ? ಉತ್ತರ ಗೊತ್ತಿದ್ದವರು ಪ್ರಯೋಗಾಲಯದಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು.

ಫಲದಿಂದಲೇ ತೀರ್ಪು ಕೊಡುವುದರಲ್ಲಿ ಇನ್ನೊಂದು ತೊಡಕಿದೆ. 5 ಗ್ರಾಂ ಬೆರೆಸಿದ ಬೆಳಗ್ಗೆ ಫಲ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೆರೆಸಬೇಕಾಗಿಯೇ ಇರಲಿಲ್ಲ. ಕಳೆದುಕೊಂಡದ್ದು ಮತ್ತೆ ಬಾರದೆಯೂ ಹೋಗಬಹುದಿತ್ತು. ಒಂದು ಕೆಲಸ ಸರಿಯೋ ತಪ್ಪೋ ಎಂದು ಕೇಳುವಾಗ ಅದನ್ನು ಮಾಡಿದ ಬೆಳಗ್ಗೆಯಲ್ಲಿ ನಿಂತು ಕೇಳಬೇಕು. ಎಪ್ಪತ್ತು ವರ್ಷ ಆಚೆಯ ಸಮಾರಂಭದಲ್ಲಿ ನಿಂತಲ್ಲ.

ಹಾಗಾದರೆ ಬಿಕೆಲ್ ಏನು ಮಾಡಬೇಕಿತ್ತು? ಇಲ್ಲಿ ನಾನು ತುಂಬ ದಿನ ಸಿಕ್ಕಿಹಾಕಿಕೊಂಡಿದ್ದೆ. ಏಕೆಂದರೆ ಗುಟ್ಟಿಗೆ ಒಂದು ಸರಿಯಾದ ಕಾರಣವಿತ್ತು. ತಾಯಿಗೆ ಮೊದಲೇ ಗೊತ್ತಿದ್ದರೆ ಆಕೆಯ ನೋಟವೇ ಬದಲಾಗುತ್ತಿತ್ತು. ಮಗು ಸ್ವಲ್ಪ ಅತ್ತರೂ ‘ಅದರಿಂದಲೇ’ ಅನ್ನಿಸುತ್ತಿತ್ತು. ನೋಡುವವರಿಗೆ ತಿಳಿಯದಿದ್ದರೇ ನೋಟ ನೆಟ್ಟಗಿರುತ್ತದೆ ಎನ್ನುವುದು ನಮ್ಮ ಇಡೀ ಪದ್ಧತಿಯ ಬುನಾದಿ. ಔಷಧಿ ಪ್ರಯೋಗಗಳಲ್ಲಿ ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಬರೀ ಸಕ್ಕರೆಯ ಗುಳಿಗೆ ಎಂಬುದನ್ನು ಇವತ್ತಿಗೂ ಮುಚ್ಚಿಡುತ್ತೇವೆ.

ಆದರೆ ಇವತ್ತು ಮುಚ್ಚಿಡುವ ಬಗೆ ಬೇರೆ. ಮುಚ್ಚಿಡುತ್ತೇವೆ ಎಂಬುದನ್ನು ಮೊದಲೇ ಹೇಳುತ್ತೇವೆ. ಬಿಕೆಲ್ ಕೂಡ ಹೀಗೆ ಹೇಳಬಹುದಿತ್ತು: “ಮುಂದಿನ ಎರಡು ತಿಂಗಳಲ್ಲಿ ಯಾವಾಗಲೋ ಒಮ್ಮೆ ಆ ವಸ್ತುವನ್ನು ಮತ್ತೆ ಸೇರಿಸಿ ನೋಡುತ್ತೇವೆ. ಯಾವಾಗ ಎಂದು ಹೇಳುವುದಿಲ್ಲ. ಮಗುವಿಗೆ ತೊಂದರೆಯಾಗಬಹುದು, ಆದರೆ ತಕ್ಷಣ ನಿಲ್ಲಿಸುತ್ತೇವೆ. ಒಪ್ಪುತ್ತೀರಾ?” ತಾಯಿ ಒಪ್ಪಿದ್ದರೆ ಗುಟ್ಟೂ ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಅಂದರೆ ಪ್ರಯೋಗಕ್ಕೆ ಬೇಕಿದ್ದದ್ದು ‘ಯಾವಾಗ’ ಎಂಬ ಗುಟ್ಟು ಮಾತ್ರ. ‘ಬೆರೆಸುತ್ತೇವೆ’ ಎಂಬುದನ್ನೂ ಮುಚ್ಚಿಟ್ಟದ್ದರಿಂದ ಅರಿವಿಗೆ ಹೆಚ್ಚಿನ ಲಾಭವಿರಲಿಲ್ಲ. ಅದು ಕಾಪಾಡಿದ್ದು ಒಂದನ್ನೇ: ತಾಯಿ ‘ಬೇಡ’ ಅನ್ನುವ ಸಾಧ್ಯತೆಯಿಂದ ಸಂಶೋಧಕರನ್ನು.

ಇದು ಹೊಳೆದ ದಿನ ನನಗೆ ಬಿಕೆಲ್‌ಗಿಂತ ನನ್ನ ಮೇಲೆಯೇ ಹೆಚ್ಚು ಸಿಟ್ಟು ಬಂತು. ನಾನು ಎರಡನೆಯ ಪುಟದ ವಾಕ್ಯ ಓದದೆ ಬಿಟ್ಟದ್ದೂ ಇದೇ ಭಯದಿಂದ. ಆಕೆಗೆ ಅರ್ಥವಾಗುವುದಿಲ್ಲ ಎಂದಲ್ಲ, ನೋವಾಗುತ್ತದೆ ಎಂದೂ ಅಲ್ಲ. ಆ ತಿಂಗಳು ಸ್ಯಾಂಪಲ್ ಕಡಿಮೆಯಿದ್ದವು. ಬಿಕೆಲ್ ಅವರ ಅನುಮಾನಕ್ಕೆ ಒಂದು ಮಗುವನ್ನು ಉಳಿಸುವ ಅವಸರವಾದರೂ ಹಿಂದಿತ್ತು. ನನ್ನ ಹಿಂದೆ ಇದ್ದದ್ದು ಮುಂದಿನ ವಾರದ ಪ್ರಗತಿ ವರದಿ.

ಬರ್ಮಿಂಗ್‌ಹ್ಯಾಮಿನ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಮೊದಲ ಪ್ರಯೋಗ ತಾಯಿಯ ಕಣ್ಣನ್ನೇ ನೆಚ್ಚಿಕೊಂಡಿತ್ತಾದ್ದರಿಂದ ಮತ್ತೊಮ್ಮೆ ಮಾಡಬೇಕಾಯಿತು. ಈ ಸಲ ಮಗುವನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡು, ತಾಯಿಯ ಒಪ್ಪಿಗೆ ಪಡೆದು. ಫಲ ಅದೇ ಬಂತು. ಎಲ್ಲ ತಿಳಿದ ಮೇಲೂ ಆಕೆ ಹೂಂ ಅಂದರು. ಈ ಹೂಂ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮಗುವಿನ ನರಳಾಟ ಹೇಗಿರುತ್ತದೆಂದು ಕಣ್ಣಾರೆ ಕಂಡೂ ಒಪ್ಪಿದ್ದು ಅದು. ಚಿಕಿತ್ಸೆ ಶುರುವಾಗುವ ಹೊತ್ತಿಗೇ ಶೀಲಾಳ ಮೆದುಳಿಗೆ ಆದ ಹಾನಿ ದೊಡ್ಡದಿತ್ತು. ಲಾಭ ಹೆಚ್ಚಾಗಿ ಸಿಗುವುದಿದ್ದದ್ದು ಮುಂದೆ ಹುಟ್ಟುವ ಯಾರದೋ ಮಕ್ಕಳಿಗೆ. ಮೊದಲ ಸಲ ಆಕೆಯಿಂದ ಕಸಿದುಕೊಂಡದ್ದನ್ನು ಎರಡನೆಯ ಸಲ ಆಕೆ ತಾನಾಗಿ ಕೊಟ್ಟರು. ಮಗುವಿಗೆ ಎರಡೂ ಸಲ ಒಂದೇ ಬಗೆಯ ನೋವಾದರೂ ಕಸಿಯುವುದಕ್ಕೂ ಕೊಡುವುದಕ್ಕೂ ಇರುವ ಅಂತರವನ್ನು ನಾನು ಸಣ್ಣದೆನ್ನಲಾರೆ.

‘ಬೇಡ’ದ ಭಯ ಒಬ್ಬ ವೈದ್ಯನದೋ ಒಬ್ಬ ವಿದ್ಯಾರ್ಥಿನಿಯದೋ ಆಗಿ ಉಳಿಯುವುದಿಲ್ಲ, ವ್ಯವಸ್ಥೆಗೂ ಅಂಟುತ್ತದೆ. ಮದ್ದು ಸಿಕ್ಕ ಮೇಲೆ ಮಿದುಳು ಕೆಡುವ ಮೊದಲೇ ಮಗುವನ್ನು ಪತ್ತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಬಂತು. ಅದಕ್ಕೆ ಉತ್ತರ ಕೊಟ್ಟವರು ಅಮೆರಿಕದ ರಾಬರ್ಟ್ ಗತ್ರಿ. ಅವರ ಸ್ವಂತ ಮಗನಿಗೆ ಬುದ್ಧಿಮಾಂದ್ಯವಿತ್ತು. ಹೆಂಡತಿಯ ಕಡೆಯ ಸಂಬಂಧದ ಮಗುವೊಂದಕ್ಕೆ ಪಿಕೆಯು ಇರುವುದು ತಡವಾಗಿ ಗೊತ್ತಾಗಿತ್ತು. ಶಿಶುವಿನ ಹಿಮ್ಮಡಿ ಚುಚ್ಚಿ ಒಂದೆರಡು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಅಗ್ಗದ ಪರೀಕ್ಷೆಯನ್ನು ಅವರು 1960ರ ದಶಕದ ಆರಂಭದಲ್ಲಿ ರೂಪಿಸಿದರು. 29 ರಾಜ್ಯಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಶಿಶುಗಳ ಮೇಲೆ ನಡೆದ ಪರೀಕ್ಷೆಯಲ್ಲಿ 39 ಮಕ್ಕಳು ಪತ್ತೆಯಾದರು. ಅಷ್ಟೂ ಮಕ್ಕಳು ಉಳಿದರು ಎಂದರೆ ಸಾಲದು, ಅಷ್ಟೂ ಮಕ್ಕಳು ತಾವಾಗಿ ಉಳಿದರು. ಆ ಹನಿ ರಕ್ತ ನೇರವಾಗಿ ಆ ಮಗುವಿಗಾಗಿಯೇ. ‘ನಮ್ಮ ಮಗೀಗೆ ಏನ್ ಅನುಕೂಲ’ ಎಂದು ಯಾರಾದರೂ ಕೇಳಿದ್ದರೆ ತಡವರಿಸದೆ ಉತ್ತರಿಸಬಹುದಿತ್ತು.

ಆದರೆ ಪರೀಕ್ಷೆ ಮುಗಿದ ಮೇಲೆ ಆ ಕಾರ್ಡುಗಳು ಉಳಿಯುತ್ತವೆ. ಒಣಗಿದ ರಕ್ತದಲ್ಲಿ ಮಗುವಿನ ವಂಶವಾಹಿಗಳೆಲ್ಲ ಇರುತ್ತವೆ. ಸಂಶೋಧನೆಗೆ ಅದು ನಿಧಿ. ಅಮೆರಿಕದ ಟೆಕ್ಸಸ್ ರಾಜ್ಯ ಇಂಥ ಕಾರ್ಡುಗಳನ್ನು ತಂದೆತಾಯಿಯರ ಒಪ್ಪಿಗೆಯಿಲ್ಲದೆ ಕೂಡಿಟ್ಟು ಸಂಶೋಧನೆಗೂ ಕೊಟ್ಟಿತು. 2009ರಲ್ಲಿ ಕೆಲವು ತಂದೆತಾಯಿಯರು ನ್ಯಾಯಾಲಯಕ್ಕೆ ಹೋದರು. ರಾಜಿಯಾಗಿ, ಸುಮಾರು 50 ಲಕ್ಷ ಕಾರ್ಡುಗಳನ್ನು ನಾಶಮಾಡಬೇಕಾಯಿತು. ಮೊದಲೇ ಕೇಳಿದ್ದರೆ ಬಹಳಷ್ಟು ಜನ ಕೊಡುತ್ತಿದ್ದರು ಎಂದು ನನ್ನ ನಂಬಿಕೆ. ಕೆಲವರ ಬೇಡವನ್ನು ತಪ್ಪಿಸಲು ಹೋಗಿ ಎಲ್ಲರ ಹೂಂ ಕೂಡ ಬೂದಿಯಾಯಿತು.

ನಮ್ಮಲ್ಲಿಯೂ ಇದರ ಒಂದು ಚರಿತ್ರೆ ಇದೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಕ್ಕಾಗಿ ಪರೀಕ್ಷಿಸಿದರು. ಸೋದರಮಾವ, ಅತ್ತೆಯ ಮಕ್ಕಳೊಂದಿಗಿನ ಮದುವೆಗಳಿಗೂ ಈ ದೋಷಗಳಿಗೂ ಇರುವ ನಂಟನ್ನು ಅಧ್ಯಯನ ಮಾಡಿದರು. ನಮ್ಮ ಇಡೀ ದೇಶದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಇಂಥ ಪರೀಕ್ಷೆ ಇನ್ನೂ ಆಗುತ್ತಿಲ್ಲ. ಹೀಗಾಗಿ ನಾನು ಕಾಣುವ ತಾಯಂದಿರಲ್ಲಿ ಹೆಚ್ಚಿನವರು ಬೋರ್ಗ್ನಿಯ ಹಾಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಬಂದವರು. ಅವರ ಭಯ ಕಾಯಿಲೆಯದಷ್ಟೇ ಅಲ್ಲ. “ಇದು ನನ್ ಕಡೆಯಿಂದ ಬಂತಾ?” ಎಂದು ಗಂಡ ಪಕ್ಕಕ್ಕೆ ಹೋದಾಗ ಮೆಲ್ಲಗೆ ಕೇಳುತ್ತಾರೆ. ಇಬ್ಬರಿಂದಲೂ ಒಂದೊಂದು ಪಾಲು ಬಂದರೇ ಈ ದೋಷ ಕಾಣಿಸುವುದು, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಹೇಳುತ್ತೇನೆ. ತಲೆಯಾಡಿಸುತ್ತಾರೆ. ಮನೆಗೆ ಹೋದ ಮೇಲೆ ಅತ್ತೆಯ ಮುಂದೆ ಆ ಮಾತು ಎಷ್ಟು ಹೊತ್ತು ನಿಲ್ಲುತ್ತದೋ. ರಕ್ತದ ಒಂದು ಟ್ಯೂಬು ಅವರಿಗೆ ಬರೀ ರಕ್ತವಲ್ಲ, ಸಾಕ್ಷಿ. ಯಾರ ವಿರುದ್ಧ ಬಳಕೆಯಾದೀತೋ ಗೊತ್ತಿಲ್ಲದ ಸಾಕ್ಷಿ. ‘ಬೇಡ’ ಅನ್ನಲು ಅವರಿಗೆ ನನಗೆ ಕಾಣದ ನೂರು ಕಾರಣಗಳಿರಬಹುದು.

ಒಂದು ತಿಂಗಳ ನಂತರ ಆ ತಾಯಿ ಮತ್ತೆ ಮಗುವನ್ನು ತೋರಿಸಲು ಬಂದರು. ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತು ಹೇಳಿದೆ: “ಅವತ್ತು ನೀವು ಕೇಳಿದ್ದಕ್ಕೆ ನಾನು ಸರಿಯಾಗಿ ಹೇಳಲಿಲ್ಲ. ಆ ರಕ್ತದಿಂದ ನಿಮ್ಮ ಮಗೂಗೆ ಅನುಕೂಲ ಏನೂ ಇಲ್ಲ. ಚಿಕಿತ್ಸೆ ಏನಿದ್ರೂ ಡಾಕ್ಟ್ರು ಕೊಡೋದೇ. ಇದು ನಮ್ಮ ಅಧ್ಯಯನಕ್ಕೆ. ಮುಂದೆ ಬೇರೆ ಮಕ್ಕಳಿಗೆ ಉಪಯೋಗ ಆಗಬಹುದು, ಆಗದೇನೂ ಇರಬಹುದು.”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಂಗಾರೆ ಅವತ್ತೇ ಯಾಕ್ ಯೋಳ್ನಿಲ್ಲ?”

“ನೀವು ಬೇಡ ಅಂದ್ಬಿಟ್ರೆ ಅಂತ ಭಯ ಆಯ್ತು.”

“ಈಗ್ಲೂ ಬ್ಯಾಡ ಅನ್ಬೋದಾ?”

“ಅನ್ನಬಹುದು. ರಕ್ತ ತೆಗೆದು ಹಾಕ್ತೀವಿ.”

“ಅಂದ್ರೆ ಮಗೀಗೆ ಇಲ್ಲಿ ಕೊಡೋ ಅವುಸ್ದಿ ನಿಲ್ಸಾಕಿಲ್ವಾ?”

ನಾನು ಆಕೆಯ ಮುಖ ನೋಡಿದೆ. ಸಹಿ ಹಾಕಿದ ದಿನ ಮನಸ್ಸಿನಲ್ಲಿ ಇದ್ದದ್ದು ಇದೇ ಏನೋ. ನಾನು ಆಸೆ ತೋರಿಸಿ ಸಹಿ ಪಡೆದೆ ಎಂದುಕೊಂಡಿದ್ದೆ. ಆಕೆ ಹೆದರಿ ಹಾಕಿರಬಹುದು ಎನ್ನುವುದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಚಿಕಿತ್ಸೆಗೂ ಇದಕ್ಕೂ ಸಂಬಂಧವಿಲ್ಲ, ಯಾವ ಕಾರಣಕ್ಕೂ ನಿಲ್ಲಿಸುವುದಿಲ್ಲ ಎಂದು ಎರಡೆರಡು ಸಲ ಹೇಳಿದೆ. ಇದೂ ಎರಡನೆಯ ಪುಟದಲ್ಲೇ ಇತ್ತು.

“ಮನೇಲ್ ಕೇಳಿ ಯೋಳ್ತೀನಿ,” ಅಂದರು. ಎರಡು ದಿನ ಬಿಟ್ಟು ಫೋನು ಬಂತು. ಬ್ಯಾಡ ಮೇಡಂ, ಅಂದರು. ಕಾರಣ ಹೇಳಲಿಲ್ಲ. ನಾನು ಕೇಳಲಿಲ್ಲ, ಕಾರಣ ಕೊಡಬೇಕಾಗಿಲ್ಲ ಎಂದು ಪತ್ರದಲ್ಲೇ ಬರೆದಿದೆ.

ನನ್ನ ಮಾರ್ಗದರ್ಶಕರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. “ನಿಯಮದ ಪ್ರಕಾರ ಮಾಡು,” ಅಂದರು. ಟ್ಯೂಬನ್ನು ಫ್ರೀಜರಿನಿಂದ ತೆಗೆದು ವಿಲೇವಾರಿಗೆ ಕೊಟ್ಟೆ. ರಿಜಿಸ್ಟರಿನಲ್ಲಿ ಆ ಸಂಖ್ಯೆಯ ಮೇಲೆ ಗೆರೆ ಎಳೆದು ತಾರೀಕು ಹಾಕಿ ಸಹಿ ಮಾಡಿದೆ.

ಸತ್ಯ ಹೇಳಿದ್ದರಿಂದ ಎಲ್ಲ ಸರಿಹೋಯಿತು ಎನ್ನಲಾರೆ. ಆ ಟ್ಯೂಬಿನಲ್ಲಿ ಏನಿತ್ತೋ ಇನ್ನು ಗೊತ್ತಾಗುವುದಿಲ್ಲ. ಇಂಥ ಅಪರೂಪದ ಕಾಯಿಲೆಗಳಲ್ಲಿ ಒಂದೊಂದು ಸ್ಯಾಂಪಲ್ಲೂ ದೊಡ್ಡದು. ಅದರಲ್ಲಿ ಇನ್ನೊಂದು ಮಗುವಿಗೆ ಬೇಕಾಗಿದ್ದ ಸುಳಿವು ಇದ್ದಿರಲೂಬಹುದು. ಅಂಥ ಮಗುವೊಂದು ಇದ್ದರೆ, ಅದರ ತಾಯಿಗೆ ನಾನು ಏನು ಉತ್ತರ ಕೊಡಲಿ? ಈ ಪ್ರಶ್ನೆಯನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ನನ್ನ ಉತ್ತರ ಇಷ್ಟೇ: ಆ ಸುಳಿವು ನನ್ನದಾಗಿರಲಿಲ್ಲ. ಕೊಡುವವರು ಕೊಟ್ಟಾಗ ಮಾತ್ರ ಅದು ನನ್ನದಾಗುತ್ತಿತ್ತು. ಕೊಡದೆ ಇರಲು ಸಾಧ್ಯವಿಲ್ಲದವರಿಂದ ಪಡೆದದ್ದನ್ನು ಕೊಡುಗೆ ಅನ್ನಲಾಗದು.

ಈಗ ನಾನು ಪತ್ರವನ್ನು ಎರಡನೆಯ ಪುಟದಿಂದ ಓದಿ ಹೇಳಲು ಶುರುಮಾಡುತ್ತೇನೆ. ಮೊದಲು, ನಿಮ್ಮ ಮಗುವಿಗೆ ಪ್ರಯೋಜನವಿಲ್ಲ. ಆಮೇಲೆ, ಬೇಡ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ. ಅಷ್ಟು ಹೇಳಿ ಪೆನ್ನು ಜೇಬಿನಲ್ಲೇ ಇಟ್ಟುಕೊಂಡು ಕಾಯುತ್ತೇನೆ. ಕೆಲವರು ಎದ್ದು ಹೋಗುತ್ತಾರೆ, ನಾನು ಹೆದರಿದ್ದಷ್ಟು ಜನ ಅಲ್ಲ. ಮೊನ್ನೆ ಒಬ್ಬ ತಾಯಿ ಎಲ್ಲ ಕೇಳಿಸಿಕೊಂಡು, ಮಗುವನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡು, “ಪೆನ್ ಕೊಡಿ,” ಅಂದರು.